ಖಾಲಿ ಇದೆಯಾ ಅಂತ ಕೇಳಬೇಡಿ, ಟವೆಲ್ ಹಾಕಿ

ವೆಬ್ ಆ್ಯಪ್ ಬರೆಯುವವರಿಗೆಲ್ಲ ಈ ಸಾಲು ಬಾಯಿಪಾಠ: ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’. ಅಂದರೆ, ಆ ಜಾಗದಲ್ಲಿ ಆಗಲೇ ಯಾರೋ ಕೂತಿದ್ದಾರೆ. ಟರ್ಮಿನಲ್‌ನಲ್ಲಿ ‘ಫ್ಲಾಸ್ಕ್ ರನ್’ (ಫ್ಲಾಸ್ಕ್ ಅಂದರೆ ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟುವ ಸಲಕರಣೆ) ಅಂತ ಕೊಟ್ಟರೆ ಆ್ಯಪ್ ಬದಲು ಇದು ಬರುತ್ತದೆ. ಪಕ್ಕದವರ ಸಲಹೆ ರೆಡಿ ಇರುತ್ತದೆ: ‘ಸುಮ್ನೆ ಒಂದ್ಸಲ ರೀಸ್ಟಾರ್ಟ್ ಮಾಡಿ’. ಮಗುವಿಗೆ ದೃಷ್ಟಿ ತೆಗೆದ ಹಾಗೆ ಇದು. ಅಳು ನಿಲ್ಲುತ್ತದೆ, ಯಾಕೆ ಅತ್ತಿತು ಅಂತ ಗೊತ್ತಾಗುವುದಿಲ್ಲ.

2021ರಲ್ಲಿ ಆ್ಯಪಲ್‌ನ ಆಪರೇಟಿಂಗ್ ಸಿಸ್ಟಮ್ ಮ್ಯಾಕ್‌ಒಎಸ್ ಮಾಂಟೆರೆ ಬಂದಾಗ ಈ ಮದ್ದೂ ಕೈಕೊಟ್ಟಿತು. ಫ್ಲಾಸ್ಕ್ ಮಾಮೂಲಿಯಾಗಿ ಕೂರುವುದು 5000ನೇ ಪೋರ್ಟಿನಲ್ಲಿ. ಪೋರ್ಟ್ ಅಂದರೆ ನೆಟ್‌ವರ್ಕ್ ಮಾತಿಗೆ ಒಂದೊಂದು ಪ್ರೋಗ್ರಾಮ್ ಹಿಡಿಯುವ ನಂಬರಿನ ಸೀಟು. ಮಾಂಟೆರೆಯ ಏರ್‌ಪ್ಲೇ ರಿಸೀವರ್ (ಫೋನಿನ ಹಾಡು, ವೀಡಿಯೊ ಮ್ಯಾಕ್‌ನಲ್ಲಿ ಪಡೆಯುವ ಸೌಲಭ್ಯ) ಮೊದಲೇ ಎದ್ದು ಅಲ್ಲಿ ಹೋಗಿ ಕೂತಿರುತ್ತಿತ್ತು.

ಈ ನಂಬರ್‌ಗಳನ್ನು ಯಾರು ಹಂಚುವುದು? 1972ರ ಮೇ ತಿಂಗಳಲ್ಲಿ ಇಂಟರ್ನೆಟ್ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ ಒಂದು ಚಿಕ್ಕ ಟಿಪ್ಪಣಿ ಬರೆದರು. ನಂಬರ್ ಕೊಡಲು ಒಬ್ಬ ‘ಝಾರ್’, ಅಂದರೆ ಸರ್ವಾಧಿಕಾರಿ, ಇರಲಿ (ನಾನೇ?) ಅಂತ ಅದರ ಸಾರ. ಕಂಸದೊಳಗಿನ ಆ ಸಂಕೋಚ ಅವರದ್ದೇ! 1995ರಲ್ಲಿ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಬರೆದ ಫಿನ್ಲೆಂಡಿನ ತಾತು ಉಲೋನೆನ್, 21ರಲ್ಲಿ ಫೈಲ್ ಕಳಿಸುವ ಎಫ್‌ಟಿಪಿಗೂ 23ರಲ್ಲಿ ಲಾಗಿನ್‌ಗಿದ್ದ ಹಳೇ ಟೆಲ್ನೆಟ್‌ಗೂ ನಡುವೆ 22 ಖಾಲಿ ಇದೆ ಅಂತ ನೋಡಿ ಅದನ್ನೇ ಕೇಳಿದರು, ಸಿಕ್ಕಿತು. ನಮ್ಮ ಲ್ಯಾಪ್‌ಟಾಪ್‌ನೊಳಗೆ ಅಂಥ ಝಾರ್ ಯಾರೂ ಇಲ್ಲ. ಮೊದಲು ಕೂತವರದ್ದೇ ಸೀಟು.

ಹಾಗಾಗಿ ಆ್ಯಪ್ ಶುರು ಮಾಡುವ ಟೂಲ್ ಬರೆಯುವವರು ‘ಖಾಲಿ ಪೋರ್ಟ್ ಹುಡುಕು’ ಅಂತ ಒಂದು ಪುಟ್ಟ ಫಂಕ್ಷನ್ ಇಟ್ಟುಕೊಳ್ಳುತ್ತಾರೆ. ನಾನೂ ಬರೆದಿದ್ದೆ. 5000ದಿಂದ ಒಂದೊಂದೇ ಪೋರ್ಟ್ ಹಿಡಿದು ನೋಡುವುದು, ಸಿಕ್ಕರೆ ಬಿಟ್ಟು, ಆ ನಂಬರನ್ನು ಆ್ಯಪ್‌ಗೆ ಹೇಳುವುದು. ಒಂದು ದಿನ ಎರಡು ಟರ್ಮಿನಲ್‌ನಲ್ಲಿ ಒಟ್ಟಿಗೇ ಓಡಿಸಿದೆ. ಎರಡೂ ‘5001 ಖಾಲಿ ಇದೆ’ ಎಂದವು. ಒಂದು ಸತ್ತಿತು.

ತಪ್ಪು ಆ ‘ಬಿಟ್ಟು’ ಅನ್ನುವ ಪದದಲ್ಲಿದೆ. ಜಾತ್ರೆ ದಿನದ ಬಸ್ಸು ನೆನೆಸಿಕೊಳ್ಳಿ. ಒಬ್ಬ ಹತ್ತಿ, ಸೀಟಿನಲ್ಲಿ ಕೂತು ನೋಡಿ, ಖಾಲಿ ಇದೆ ಅಂತ ಹೆಂಡತಿಗೆ ಹೇಳಲು ಕೆಳಗಿಳಿದು ಬಂದರೆ? ಇಬ್ಬರೂ ಹತ್ತುವಷ್ಟರಲ್ಲಿ ಅಲ್ಲಿ ಯಾರೋ ಕೂತು ಕಡಲೆಕಾಯಿ ಸುಲಿಯುತ್ತಿರುತ್ತಾರೆ. ತಿಳಿದವರು ಕಿಟಕಿಯಿಂದ ಟವೆಲ್ ಹಾಕುತ್ತಾರೆ, ಅಲ್ವಾ? ನೋಡುವುದು, ಹಿಡಿಯುವುದು ಎರಡೂ ಒಂದೇ ಏಟಿಗೆ.

ಪೋರ್ಟಿನಲ್ಲೂ ಹಾಗೇ ಮಾಡಬಹುದು. ನಂಬರ್ ಜಾಗದಲ್ಲಿ 0 ಕೊಡಿ. ‘ಯಾವುದಾದ್ರೂ ಪರವಾಗಿಲ್ಲ, ಕೂರಿಸಪ್ಪ’ ಅಂತ ಕಂಡಕ್ಟರ್‌ಗೆ ಹೇಳಿದ ಹಾಗೆ. ಆಪರೇಟಿಂಗ್ ಸಿಸ್ಟಮ್ಮೇ ಖಾಲಿ ಇರುವ ಒಂದನ್ನು ಆರಿಸಿ ಕೊಡುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 32768ರಿಂದ 60999ರೊಳಗೆ. ಮುಖ್ಯ ವಿಷಯ, ಸಿಕ್ಕ ಸಾಕೆಟ್ಟನ್ನು (ಆ ಪೋರ್ಟ್ ಹಿಡಿದ ಕೊಂಡಿ) ಮುಚ್ಚಬೇಡಿ. ನಂಬರಲ್ಲ, ತೆರೆದ ಸಾಕೆಟ್ಟನ್ನೇ ಆ್ಯಪ್ ಕೈಗೆ ಕೊಡಿ. ಟವೆಲ್ ಎತ್ತದೆ ಹೆಂಡತಿಯನ್ನು ಕೂರಿಸಿದ ಹಾಗೆ.

ಇನ್ನೊಂದು ಕಾಟ: ಆ್ಯಪ್ ನಿಲ್ಲಿಸಿ ತಕ್ಷಣ ಶುರು ಮಾಡಿದರೂ ಅದೇ ಬೈಗುಳ. ಮನೆ ಖಾಲಿಯಾದರೂ ಹಳೇ ಬಾಡಿಗೆದಾರರ ಕಾಗದ ಬರುತ್ತಲೇ ಇರುತ್ತದಲ್ಲ, ಹಾಗೆ ದಾರಿ ತಪ್ಪಿದ ಹಳೇ ಪ್ಯಾಕೆಟ್ (ಡೇಟಾ ತುಣುಕು) ಬಂದೀತು ಅಂತ ಲಿನಕ್ಸ್ ಮುಗಿದ ಸಂಪರ್ಕವನ್ನು 60 ಸೆಕೆಂಡು ಲೆಕ್ಕದಲ್ಲಿ ಇಟ್ಟಿರುತ್ತದೆ. ‘ಪರವಾಗಿಲ್ಲ, ಹಿಡಿಯುತ್ತೇನೆ’ ಅನ್ನಲು ‘ಎಸ್‌ಒ ರೀಯೂಸ್ ಅಡ್ರೆಸ್’ ಅಂತ ಒಂದು ಆಯ್ಕೆ ಇದೆ.

0 ಕೊಟ್ಟರೆ ದಿನಕ್ಕೊಂದು ನಂಬರ್, ಬುಕ್‌ಮಾರ್ಕ್ ಕೆಲಸಕ್ಕೆ ಬಾರದು. ಅದಕ್ಕೇ ನನ್ನ ಟೂಲ್ ಈಗ ಮೊದಲು 5000ಕ್ಕೆ ಟವೆಲ್ ಎಸೆಯುತ್ತದೆ. ಸಿಗದಿದ್ದರೆ ಮಾತ್ರ ಕಂಡಕ್ಟರ್ ಹತ್ತಿರ ಹೋಗುತ್ತದೆ.