ವಿಟಮಿನ್ ಇ: ಪೊರೆಯೊಳಗಿನ ಕೆಲಸ ಬೇರೆ, ಕ್ಯಾಪ್ಸೂಲ್ ಕಥೆ ಬೇರೆ

ಮಂಡ್ಯದ ರೈಸ್ ಮಿಲ್‌ಗಳ ಹತ್ತಿರ ಓಡಾಡಿದವರಿಗೆ ಹಳೇ ತೌಡಿನ ಕಮಟು ವಾಸನೆ ಗೊತ್ತಿರುತ್ತದೆ. ತೌಡನ್ನು ಹಾಗೇ ಬಿಟ್ಟರೆ ಮೊದಲು ಅದರಲ್ಲೇ ಇರುವ ಲೈಪೇಸ್ ಕಿಣ್ವ ಎಣ್ಣೆಯನ್ನು ಒಡೆಯುತ್ತದೆ, ಆಮೇಲೆ ಗಾಳಿಯ ಆಮ್ಲಜನಕ ಸೇರಿ ಕೊಬ್ಬಿನಾಮ್ಲ ಕೆಡುತ್ತದೆ. ಈ ಎರಡನೇ ಹಂತವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಮ್ಮ ಜೀವಕೋಶದ ಪೊರೆಯಲ್ಲಿ ಆಗುವುದೂ ಅದೇ. ಹೆಸರು ಲಿಪಿಡ್ ಪೆರಾಕ್ಸಿಡೇಶನ್.

ಒಂದು ಫ್ರೀ ರಾಡಿಕಲ್ (ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನ್ ಇರುವ ಚುರುಕಿನ ಅಣು) ಬಂದು ಪೊರೆಯ ಕೊಬ್ಬಿನಾಮ್ಲದಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಅಲ್ಲಿಗೆ ಆಮ್ಲಜನಕ ಅಂಟಿ ಪೆರಾಕ್ಸಿಲ್ ರಾಡಿಕಲ್ ಆಗುತ್ತದೆ, ಅದು ಪಕ್ಕದ ಕೊಬ್ಬಿನಾಮ್ಲದ ಹೈಡ್ರೋಜನ್‌ಗೆ ಕೈ ಹಾಕುತ್ತದೆ, ಹೀಗೆ ಒಂದರಿಂದ ಇನ್ನೊಂದಕ್ಕೆ ಸರಪಳಿ ಸಾಗುತ್ತದೆ. ಟೋಕೋಫೆರಾಲ್, ಅಂದರೆ ವಿಟಮಿನ್ ಇ, ಮಧ್ಯೆ ಬಂದು ತನ್ನ ಅಣುವಿನ ಉಂಗುರದ ಓಎಚ್ ಗುಂಪಿನ ಹೈಡ್ರೋಜನ್ ಕೊಟ್ಟುಬಿಡುತ್ತದೆ. ಸರಪಳಿ ಅಲ್ಲಿಗೆ ಕಡಿಯಿತು. ಹಾಗಾದರೆ ಟೋಕೋಫೆರಾಲೇ ರಾಡಿಕಲ್ ಆಯಿತಲ್ವಾ? ಆಯಿತು. ಆದರೆ ಒಂಟಿ ಎಲೆಕ್ಟ್ರಾನ್ ಉಂಗುರದ ತುಂಬ ಹಂಚಿಹೋಗುವುದರಿಂದ ಅದು ಅಷ್ಟು ಬೇಗ ಯಾರ ಮೇಲೂ ಬೀಳುವುದಿಲ್ಲ. ಪೊರೆಯ ಅಂಚಿನಲ್ಲಿ, ನೀರಿನ ಕಡೆ ಇರುವ ವಿಟಮಿನ್ ಸಿ ಅದನ್ನು ಮತ್ತೆ ಮೊದಲಿನ ರೂಪಕ್ಕೆ ತರುತ್ತದೆ. ಬಾಯಿಪಾಠ ಮಾಡುವ ಬದಲು ಇದನ್ನು ಒಂದು ಸಲ ಚಿತ್ರ ಬರೆದು ನೋಡಿ, ಮರೆಯುವುದೇ ಇಲ್ಲ.

1922ರಲ್ಲಿ ಇವಾನ್ಸ್ ಮತ್ತು ಬಿಷಪ್ ಎಂಬ ವಿಜ್ಞಾನಿಗಳು ವಿಟಮಿನ್ ಇಯನ್ನು ಕಂಡುಹಿಡಿದಿದ್ದು ಇಲಿಗಳ ಸಂತಾನೋತ್ಪತ್ತಿಗೆ ಬೇಕಾದ ಅಂಶವಾಗಿ. ಒಟ್ಟು 8 ರೂಪಗಳಿವೆ, 4 ಟೋಕೋಫೆರಾಲ್, 4 ಟೋಕೋಟ್ರೈಯೀನಾಲ್. ಯಕೃತ್ತಿನ ಒಂದು ಸಾಗಣೆ ಪ್ರೋಟೀನ್ ಮುಖ್ಯವಾಗಿ ಆಲ್ಫಾ ಟೋಕೋಫೆರಾಲನ್ನೇ ಆರಿಸಿ ರಕ್ತಕ್ಕೆ ಕಳಿಸುತ್ತದೆ. ಈ ಪ್ರೋಟೀನಿನ ಜೀನ್ ಕೆಟ್ಟವರಿಗೆ ಎಷ್ಟು ಚೆನ್ನಾಗಿ ಊಟ ಮಾಡಿದರೂ ಕೊರತೆ ಬರುತ್ತದೆ: ನಡಿಗೆ ತಪ್ಪುತ್ತದೆ, ರಿಫ್ಲೆಕ್ಸ್ ಹೋಗುತ್ತದೆ. ಕೊಬ್ಬು ಹೀರಿಕೊಳ್ಳಲಾಗದ ಕಾಯಿಲೆಗಳಲ್ಲೂ ಹೀಗೇ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಕೊರತೆಯಾದರೆ ಕೆಂಪು ರಕ್ತಕಣ ಒಡೆಯುತ್ತವೆ. ಉಳಿದವರಲ್ಲಿ ಕೊರತೆ ತೀರಾ ಅಪರೂಪ.

ಈಗ ನನಗೆ ಮುಖ್ಯ ಅನಿಸುವ ಭಾಗ. ಪೊರೆ ಕಾಯುತ್ತದೆ ಅಂದಮೇಲೆ ಜಾಸ್ತಿ ನುಂಗಿದರೆ ಹೃದಯಾಘಾತ, ಕ್ಯಾನ್ಸರ್ ತಪ್ಪಬೇಕಲ್ವಾ? ತಪ್ಪಲಿಲ್ಲ. 2000ದಲ್ಲಿ ಬಂದ ಹೋಪ್ ಅಧ್ಯಯನದಲ್ಲಿ ಹೃದ್ರೋಗದ ಅಪಾಯ ಹೆಚ್ಚಿದ್ದವರಿಗೆ ದಿನಕ್ಕೆ 400 ಯೂನಿಟ್ (ಐಯು, ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಕೊಟ್ಟರೂ ಲಾಭ ಕಾಣಲಿಲ್ಲ. ಸೆಲೆಕ್ಟ್ ಅಧ್ಯಯನದಲ್ಲಿ ಅಷ್ಟೇ ಡೋಸ್ ತೆಗೆದುಕೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಜಾಸ್ತಿ ಕಂಡುಬಂತು, ಇದು 2011ರ ವರದಿ. ಮೈಸೂರಿನ ಯಾವ ಮೆಡಿಕಲ್ ಶಾಪ್‌ನಲ್ಲಿ ಕೇಳಿದರೂ ಸಿಗುವ, ಕೂದಲಿಗೆ ಮುಖಕ್ಕೆ ಅಂತ ಜನ ಕೊಳ್ಳುವ ಆ ಹಸಿರು ಕ್ಯಾಪ್ಸೂಲ್ ಸಾಮಾನ್ಯವಾಗಿ 400ರದ್ದೇ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸುಮಾರು 15 ಮಿಲಿಗ್ರಾಂ. ಒಂದು ಚಮಚ ಸೂರ್ಯಕಾಂತಿ ಎಣ್ಣೆ, ಒಂದು ಹಿಡಿ ಕಡಲೆಕಾಯಿ, ಜೊತೆಗೆ ಸೊಪ್ಪಿನ ಸಾರು ಇದ್ದರೆ ಅದರಲ್ಲಿ ಒಳ್ಳೇ ಪಾಲು ಸಿಕ್ಕಿಬಿಡುತ್ತದೆ. ತೆಂಗಿನೆಣ್ಣೆಯಲ್ಲಿ ಮಾತ್ರ ಇದು ತುಂಬಾ ಕಡಿಮೆ.

ಔಷಧವಾಗಿ ಉಪಯೋಗ ಇಲ್ಲವೇ ಇಲ್ಲ ಅಂತಲ್ಲ. 2010ರ ಪಿವೆನ್ಸ್ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ ಇಲ್ಲದ, ಫ್ಯಾಟಿ ಲಿವರ್ ಉರಿಯೂತ ಇದ್ದವರಿಗೆ 800 ಯೂನಿಟ್‌ನಿಂದ ಯಕೃತ್ತು ಸುಧಾರಿಸಿತು. ಅದು ಡಾಕ್ಟರ್ ನಿಗಾದಲ್ಲಿ ಕೊಡುವಂಥದ್ದು. ಮನೆಯಲ್ಲಿ ಯಾರಾದರೂ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ತೆಗೆದುಕೊಳ್ಳುತ್ತಿದ್ದರೆ ಸುಮ್ನೆ ಈ ಕ್ಯಾಪ್ಸೂಲ್ ಕೊಡಬೇಡಿ, ವಿಟಮಿನ್ ಇ ಡೋಸ್ ಹೆಚ್ಚಾದರೆ ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸಕ್ಕೆ ಅಡ್ಡಬಂದು ರಕ್ತಸ್ರಾವ ಆಗಬಹುದು.