ಡಿಟೆಕ್ಟ್ ಆಗದ ಡಿಸ್ಕೆಲ್ಲ ಸತ್ತಿರುವುದಿಲ್ಲ

ಹೋದ ತಿಂಗಳು ಫೋಟೋ ಸ್ಟುಡಿಯೋ ಹುಡುಗನೊಬ್ಬ 8 ಟಿಬಿ ಹಾರ್ಡ್ ಡಿಸ್ಕ್ ತಂದಿದ್ದ. ಎಕ್ಸ್‌ಟರ್ನಲ್ ಡ್ರೈವ್‌ನ ಡಬ್ಬಿ ಬಿಚ್ಚಿ ತೆಗೆದದ್ದು. "ಸರ್, ಕಂಪ್ಯೂಟರ್‌ಗೆ ಹಾಕಿದ್ದೇ ತಡ, ಡೆಡ್ ಆಗೋಯ್ತು" ಅಂದ. ಅವನ ಸಿಪಿಯು ಆನ್ ಮಾಡಿ ಡಿಸ್ಕ್ ಮೇಲೆ ಅಂಗೈ ಇಟ್ಟೆ. ಒಂಚೂರೂ ನಡುಕವಿಲ್ಲ. ಅದನ್ನೇ ನನ್ನ ಯುಎಸ್‌ಬಿ ಡಾಕ್‌ಗೆ (ಬಿಡಿ ಡಿಸ್ಕನ್ನು ಯುಎಸ್‌ಬಿಯಲ್ಲಿ ಕಂಪ್ಯೂಟರ್‌ಗೆ ಜೋಡಿಸುವ ಸಾಧನ) ಹಾಕಿದೆ. ಗುಂಯ್ ಅಂತ ತಿರುಗಿತು.

ತೊಂದರೆ ಇದ್ದದ್ದು ಡಿಸ್ಕ್‌ಗೆ ಕರೆಂಟ್ ಕೊಡುವ ಕನೆಕ್ಟರ್‌ನ ಮೂರನೇ ಪಿನ್‌ನಲ್ಲಿ. ಎಸ್‌ಎಂಪಿಎಸ್ ಅಂದರೆ ಕಂಪ್ಯೂಟರ್ ಒಳಗಿನ ಪವರ್ ಸಪ್ಲೈ, ಸಾಟಾ ಅಂದರೆ ಡಿಸ್ಕ್ ಜೋಡಿಸುವ ಪದ್ಧತಿ. ಎಸ್‌ಎಂಪಿಎಸ್‌ನಿಂದ ಬರುವ ಸಾಟಾ ಪವರ್ ಕೇಬಲ್ ನೋಡಿ. ಹಳದಿ ವೈರ್ 12 ವೋಲ್ಟ್, ಕೆಂಪು 5, ಕಿತ್ತಳೆ 3.3. ಕಿತ್ತಳೆ ವೈರ್ ಮೊದಲ ಮೂರು ಪಿನ್‌ಗೆ ಹೋಗುತ್ತದೆ. 2016ರ ಸಾಟಾ 3.3 ನಿಯಮ ಈ ಮೂರನೇ ಪಿನ್‌ಗೆ ಬೇರೆ ಕೆಲಸ ಕೊಟ್ಟಿತು. ಅಲ್ಲಿ ವೋಲ್ಟೇಜ್ ಬಂದರೆ ಡಿಸ್ಕ್ ಆಫ್ ಆಗಬೇಕು. ಸರ್ವರ್‌ನಲ್ಲಿ ಹ್ಯಾಂಗ್ ಆದ ಡಿಸ್ಕನ್ನು ಕೈಯಿಂದ ಮುಟ್ಟದೆ ಆಫ್ ಮಾಡಿ ಆನ್ ಮಾಡಲು ಇದು ಅನುಕೂಲ. ಆದರೆ ಹಳೇ ಎಸ್‌ಎಂಪಿಎಸ್ ಅಲ್ಲಿಗೆ 3.3 ವೋಲ್ಟ್ ಕೊಡುತ್ತಲೇ ಇರುತ್ತದೆ. ಡಿಸ್ಕ್ ಏಳುವುದೇ ಇಲ್ಲ. ನನ್ನ ಡಾಕ್ ಆ ಪಿನ್‌ಗೆ ವೋಲ್ಟೇಜ್ ಕೊಡುವುದಿಲ್ಲ, ಅದಕ್ಕೇ ಅಲ್ಲಿ ತಿರುಗಿತು.

ಪರಿಹಾರ ಸುಲಭ. ಮೋಲೆಕ್ಸ್‌ನಿಂದ (ಎಸ್‌ಎಂಪಿಎಸ್‌ನ ಹಳೇ ನಾಲ್ಕು ಪಿನ್ನಿನ ಪ್ಲಗ್) ಸಾಟಾಗೆ ಬದಲಿಸುವ ಕನೆಕ್ಟರ್ ಹಾಕಿ. ಅದರಲ್ಲಿ ಕಿತ್ತಳೆ ವೈರೇ ಇರುವುದಿಲ್ಲ. ಆದರೆ ವೈರ್‌ಗಳನ್ನು ಪ್ಲಾಸ್ಟಿಕ್‌ನಲ್ಲಿ ಎರಕ ಹೊಯ್ದು ಮುಚ್ಚಿದ ಅಗ್ಗದ್ದು ಬೇಡ. ಒಳಗೇ ಶಾರ್ಟ್ ಆಗಿ ಸುಟ್ಟುಹೋಗಬಹುದು. ಒಂದೊಂದು ವೈರೂ ಬಿಡಿಬಿಡಿಯಾಗಿ ಕಾಣುವಂಥದ್ದನ್ನು ಕೇಳಿ ತಗೊಳ್ಳಿ.

ಇನ್ನು ಕೆಲವರಿಗೆ ಹೊಸ ಎಂ.2 ಎಸ್‌ಎಸ್‌ಡಿ (ಮದರ್‌ಬೋರ್ಡ್ ಮೇಲೆ ನೇರ ಕೂರುವ ಪಟ್ಟಿಯಂಥ ಡ್ರೈವ್) ಹಾಕಿದ ದಿನವೇ ಹಳೇ ಹಾರ್ಡ್ ಡಿಸ್ಕ್ ಮಾಯವಾಗುತ್ತದೆ. ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಯಾವುದು ಅಂತ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತಾರೆ. ಕೇಬಲನ್ನು ಪಕ್ಕದ ಪೋರ್ಟ್‌ಗೆ ಹಾಕಿದರೆ ಸಾಕು.

ನನಗೆ ಜಾಸ್ತಿ ಸಂಕಟವಾಗುವುದು ಮುಂದಿನ ಕೇಸಿನಲ್ಲಿ. ಡಿಸ್ಕ್ ಡೇಟಾವನ್ನು ಸೆಕ್ಟರ್ ಎಂಬ ಸಣ್ಣ ತುಂಡುಗಳಲ್ಲಿ ಇಡುತ್ತದೆ. ಕೆಲವು ಯುಎಸ್‌ಬಿ ಡಾಕ್‌ಗಳು 512 ಬೈಟಿನ ಸೆಕ್ಟರನ್ನು ಕಂಪ್ಯೂಟರ್‌ಗೆ 4096 ಬೈಟು ಅಂತ ತೋರಿಸುತ್ತವೆ. ಅಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ತೆಗೆದು ನೇರ ಮದರ್‌ಬೋರ್ಡ್‌ಗೆ ಹಾಕಿದರೆ ಲೆಕ್ಕ ತಪ್ಪುತ್ತದೆ. ಡಿಸ್ಕ್ ಖಾಲಿ ಅಂದುಕೊಂಡು ವಿಂಡೋಸ್ "ಫಾರ್ಮ್ಯಾಟ್ ಮಾಡಲಾ?" ಅಂತ ಕೇಳುತ್ತದೆ. ಮಕ್ಕಳ ಫೋಟೋ, ಮದುವೆ ವಿಡಿಯೋ ಎಲ್ಲ ಒಳಗೇ ಇರುತ್ತದೆ. ದಯವಿಟ್ಟು ಯೆಸ್ ಒತ್ತಬೇಡಿ. ಡಿಸ್ಕನ್ನು ಮತ್ತೆ ಅದೇ ಡಾಕ್‌ಗೆ ಹಾಕಿ. ಫೈಲ್‌ಗಳು ಕಂಡ ಮೇಲೆ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ನಾಲ್ಕಾರು ಫೈಲ್ ತೆರೆದು ನೋಡಿ. ಫಾರ್ಮ್ಯಾಟ್ ಮಾಡುವ ಮಾತು ಆಮೇಲೆ.