ಅಟಾಲ್ ಅಂದ್ರೆ ದ್ವೀಪ ಅಲ್ಲ

‘ಅಟಾಲ್ ಎಂಬ ಪುಟ್ಟ ದ್ವೀಪ’ ಅಂತ ಮತ್ತೆ ಒಂದು ಕಡೆ ಓದಿದೆ. ಇದು ಯಾಕೋ ಜಾಸ್ತಿ ಆಯ್ತು. ಅಟಾಲ್ ಎಂದರೆ ಹವಳದ ದಿಬ್ಬದ ಉಂಗುರ. ಅದರ ಮೇಲೆ ಅಲ್ಲಲ್ಲಿ ತಲೆಯೆತ್ತಿದ ನೆಲವಷ್ಟೇ ದ್ವೀಪ. ನಡುವೆ ಇರುವುದು ಆಳವಿಲ್ಲದ ಉಪ್ಪುನೀರು.

ಪದವೇನೂ ದೂರದ್ದಲ್ಲ. ಮಾಲ್ಡೀವ್ಸಿನ ದಿವೇಹಿ ನುಡಿಯ ‘ಅತೊಳು’. ನಮ್ಮ ಲಕ್ಷದ್ವೀಪದ ಮಿನಿಕಾಯಿಯಲ್ಲಿ ಆಡುವುದೂ ಇದೇ ನುಡಿಯ ಒಂದು ಬಗೆ. 1602ರಲ್ಲಿ ಹಡಗು ಒಡೆದು ಮಾಲ್ಡೀವ್ಸಿನಲ್ಲಿ ಸಿಕ್ಕಿಬಿದ್ದ ಫ್ರೆಂಚಿನವ ಪಿರಾರ್ ಇದನ್ನು ಯುರೋಪಿಗೆ ಒಯ್ದ. 1842ರಲ್ಲಿ ಹವಳದ ದಿಬ್ಬಗಳ ಬಗ್ಗೆ ಡಾರ್ವಿನ್ ಪುಸ್ತಕ ಬರೆದ ಮೇಲೆ ಎಲ್ಲ ಕಡೆ ಹಬ್ಬಿತು.

ಡಾರ್ವಿನ್ ಅಟಾಲಿನ ಮೇಲೆ ಕಾಲಿಟ್ಟು ನೋಡಿದ್ದು 1836ರ ಏಪ್ರಿಲ್‌ನಲ್ಲಿ, ಹಿಂದೂ ಮಹಾಸಾಗರದ ಕೋಕೋಸ್ ಕೀಲಿಂಗ್‌ನಲ್ಲಿ. ದಡದಿಂದ ಸುಮಾರು 2 ಕಿ.ಮೀ. ಆಚೆ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ 7,200 ಅಡಿ ಹಗ್ಗ ಇಳಿಬಿಟ್ಟರೂ ತಳ ಸಿಗಲಿಲ್ಲ. ದಿಬ್ಬ ಕಟ್ಟುವ ಹವಳ ಬದುಕುವುದು ಬೆಳಕು ಬೀಳುವ ಮೇಲುನೀರಿನಲ್ಲಿ. ಹಾಗಾದರೆ ಅಷ್ಟು ಆಳದಿಂದ ಗೋಡೆ ಎದ್ದದ್ದು ಹೇಗೆ? ಜ್ವಾಲಾಮುಖಿ ಬೆಟ್ಟ ನಿಧಾನವಾಗಿ ಕುಸಿಯುತ್ತದೆ, ಅದರ ಅಂಚಿನ ಹವಳ ಅಷ್ಟೇ ನಿಧಾನವಾಗಿ ಮೇಲಕ್ಕೆ ಬೆಳೆಯುತ್ತದೆ, ಕೊನೆಗೆ ಬೆಟ್ಟ ಮುಳುಗಿ ಉಂಗುರ ಉಳಿಯುತ್ತದೆ ಎಂದ ಡಾರ್ವಿನ್. 1952ರಲ್ಲಿ ಪೆಸಿಫಿಕ್‌ನ ಎನಿವೆಟಾಕ್ ಅಟಾಲಿನಲ್ಲಿ ಕೊರೆದಾಗ 1,200 ಮೀಟರಿಗೂ ಕೆಳಗೆ ಜ್ವಾಲಾಮುಖಿಯ ಕಲ್ಲೇ ಸಿಕ್ಕಿತು!

‘ಹವಳದ್ವೀಪ’ ಅಂದಕೂಡಲೇ ಕಾಲಡಿ ಜೀವಂತ ಹವಳ ಇದೆ ಅಂದುಕೊಳ್ಳುವುದೂ ತಪ್ಪು. ಅಲ್ಲಿನ ನೆಲ ಅಲೆಗಳು ಎತ್ತಿಹಾಕಿದ ಸತ್ತ ಹವಳದ ಚೂರು, ಮರಳು. ಇಂಥ ನೆಲದಲ್ಲಿ ಮೊಳೆತದ್ದೆಲ್ಲ ಬಹುಪಾಲು ಕಡಲಿನಲ್ಲಿ ತೇಲಿಬಂದ ಬೀಜ. ಕೋಕೋಸ್ ಕೀಲಿಂಗ್‌ನಲ್ಲಿ ತೆಂಗಿನ ಜೊತೆಗೆ ತೆಂಗಿನಕಾಯಿ ತಿನ್ನುವ ದೊಡ್ಡ ಏಡಿ, ತೆಂಗಿನೇಡಿಯೂ ಇತ್ತು. ಅದು ಕಾಯಿಯ ಮೂರು ಕಣ್ಣಿರುವ ಕಡೆಯಿಂದಲೇ ನಾರನ್ನು ಎಳೆಎಳೆಯಾಗಿ ಸುಲಿದು, ಒಂದು ಕಣ್ಣಿನ ಮೇಲೆ ಕೊಂಡಿಯಿಂದ ಕುಟ್ಟಿ ತೂತು ಮಾಡುತ್ತದೆ ಎಂದು ಕೇಳಿ ಡಾರ್ವಿನ್ ಬೆರಗಾಗಿ ಬರೆದುಕೊಂಡಿದ್ದಾನೆ. ಎಷ್ಟು ಚೆಂದ, ಅಲ್ವಾ?

1609ರಲ್ಲಿ ಇಂಗ್ಲಿಷ್ ಕ್ಯಾಪ್ಟನ್ ವಿಲಿಯಂ ಕೀಲಿಂಗ್ ಕಂಡ ಈ ಕೋಕೋಸ್ ಕೀಲಿಂಗ್‌ಗೆ ಜನ ಬಂದು ನೆಲೆಸಿದ್ದು 1826ರ ಹೊತ್ತಿಗೆ. ಅಲೆಕ್ಸಾಂಡರ್ ಹೇರ್ ಎಂಬವ ಮಲಯ ಗುಲಾಮರನ್ನು ಕರೆತಂದ. ಅವರ ಸಂತತಿ ಇವತ್ತಿಗೂ ಇದೆ. ಅವರಲ್ಲಿ ಹೆಚ್ಚಿನವರು ಇರುವುದು ಹೋಂ ಐಲೆಂಡ್‌ನಲ್ಲಿ. ಅದು ದ್ವೀಪ. ಅದನ್ನು ಹೊತ್ತಿರುವ ಉಂಗುರ ಅಟಾಲ್.